ಕ್ಷಯವೂ ಕುಲವೂ

ತುಂಗಾತೀರದ ಒಂದು ಊರಿನಲ್ಲಿ 1968ನೆಯ ಇಸವಿಯ ಮಾಘಮಾಸದಲ್ಲಿ ಒಂದು ವಿವಾಹದ ಮಾತುಕಥೆ ನಡೆಯಿತು. ಹೆಣ್ಣಿನ ಕಡೆಯವರು ಯೋಗ್ಯರು, ಹುಡುಗಿ ಎಸ್.ಎಸ್.ಎಲ್.ಸಿ. ತೇರ್ಗಡೆಯಾದವಳು, ಗೋತ್ರ ಬೇರೆ, ಗಣಕೂಟ ರಜ್ಜುಕೂಟಗಳು ಸರಿಬಂದಿದ್ದವು. ಕೊಡುವ ಬಿಡುವ ವಿಷಯದಲ್ಲಿಯೂ ಎರಡು ಕಡೆಯವರಿಗೆ ಭಿನ್ನಾಭಿಪ್ರಾಯವಿರಲಿಲ್ಲ. ಫಲಹಾರ ಮುಗಿದು ಕಾಫಿ ಬಂದಿತು. ಆಗ ವರನ ತಾತನವರು, ಘನವಿದ್ವಾಂಸರು, ಊರಿನವರೆಲ್ಲರ ಗೌರವಕ್ಕೆ ಪಾತ್ರರಾದವರು, ಮೆಲ್ಲಗೆ ಕೇಳಿದರು:

"ತಮ್ಮ ತಮ್ಮಂದಿರೊಬ್ಬರು ಚಿಕ್ಕ ವಯಸ್ಸಿನಲ್ಲಿಯೇ ತೀರಿಹೋದರೆಂದು ಕೇಳಿದ್ದೆ. ಏನಾಗಿತ್ತು?"

ಹುಡುಗಿಯ ತಂದೆ ತಲೆ ತಗ್ಗಿಸಿದರು. "ಎದೆಯ ಬೇನೆ, ಶಾಸ್ತ್ರಿಗಳೆ. ಇಪ್ಪತ್ತು ವರ್ಷದ ಹತ್ತಿರ ಹತ್ತಿರ ಆಯಿತು."

"ಅದಕ್ಕೆ ಮೊದಲು ತಮ್ಮ ತಾಯಿಯವರೂ ಅದರಲ್ಲಿಯೇ?"

"ಹೌದು."

ಶಾಸ್ತ್ರಿಗಳು ಲೋಟವನ್ನು ಕೆಳಗಿಟ್ಟು ಹೊದೆದ ಶಾಲನ್ನು ಸರಿಪಡಿಸಿಕೊಂಡರು. "ಯೋಚನೆ ಮಾಡಿ ಕಾಗದ ಬರೆಯುತ್ತೇವೆ" ಎಂದರು. ಕಾಗದ ಬರಲಿಲ್ಲ. ಮೂರು ತಿಂಗಳೊಳಗಾಗಿ ಆ ವರನಿಗೆ ಅವನ ಹಿರಿಯ ಅಕ್ಕನ ಮಗಳನ್ನೇ ತಂದುಕೊಂಡರು. ತಿಳಿದ ಮನೆ, ತಿಳಿದ ರಕ್ತ ಎಂದು ಮನೆಯವರಿಗೆ ಸಮಾಧಾನವಾಯಿತು.

ಶಾಸ್ತ್ರಿಗಳನ್ನು ಕಠಿಣಹೃದಯರೆಂದು ಯಾರೂ ಹೇಳುವಂತಿರಲಿಲ್ಲ. ಅವರು ಮಾಡಿದುದು ಓದಿದ್ದಕ್ಕೆ ಅನುಗುಣವಾದುದೇ. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ, ಗೋವು ಧನ ಧಾನ್ಯಗಳಿಂದ ಎಷ್ಟೇ ಸಮೃದ್ಧವಾಗಿದ್ದರೂ ಕನ್ಯೆಯನ್ನು ತರಬಾರದ ಹತ್ತು ಕುಲಗಳನ್ನು ಹೆಸರಿಸಿದೆ. ಕ್ರಿಯಾಹೀನವಾದುದು, ವೇದವಿಲ್ಲದುದು ಮೊದಲಾದವುಗಳ ಜೊತೆಗೆ ಮೂಲವ್ಯಾಧಿ, ಕ್ಷಯ, ಅಪಸ್ಮಾರ, ತೊನ್ನು, ಕುಷ್ಠಗಳುಳ್ಳ ಕುಲಗಳೂ ಆ ಪಟ್ಟಿಯಲ್ಲಿ ಬಂದಿವೆ. ಸ್ಮೃತಿಕಾರನು ಕ್ಷಯಿಯನ್ನು ಮಾತ್ರವೇ ಬಿಡಲಿಲ್ಲ, ಅವನ ಕುಲವನ್ನೇ ಬಿಟ್ಟನು. ಆ ಒಂದು ಪದದ ಭಾರವನ್ನು ಈ ದೇಶದ ಎಷ್ಟು ಹೆಣ್ಣುಮಕ್ಕಳು ಹೊತ್ತರೆಂಬುದಕ್ಕೆ ಲೆಕ್ಕವಿಟ್ಟವರಿಲ್ಲ.

ಆದರೆ ವೈದ್ಯಶಾಸ್ತ್ರವು ಧರ್ಮಶಾಸ್ತ್ರದಷ್ಟು ನಿಶ್ಚಿತವಾಗಿ ಮಾತನಾಡಲಿಲ್ಲವೆಂಬುದು ಗಮನಿಸತಕ್ಕ ವಿಷಯ. ಚರಕಸಂಹಿತೆಯು ಶೋಷರೋಗಕ್ಕೆ ನಾಲ್ಕು ಕಾರಣಗಳನ್ನು ಹೇಳುತ್ತದೆ: ಶಕ್ತಿಮೀರಿದ ಸಾಹಸ, ವೇಗಗಳ ನಿರೋಧ, ಧಾತುಗಳ ಕ್ಷಯ, ವಿಷಮಾಶನ. ಈ ನಾಲ್ಕರಲ್ಲಿ ಕುಲವೆಂಬುದಿಲ್ಲ. ಸುಶ್ರುತನಾದರೋ ಒಂದು ಕಡೆ ಶುಕ್ರಶೋಣಿತಗಳ ದೋಷದಿಂದ ಹುಟ್ಟಿನೊಡನೆ ಬರುವ ವ್ಯಾಧಿಗಳ ವರ್ಗವೊಂದನ್ನು ಮಾಡಿ, ಮತ್ತೊಂದು ಕಡೆ ಕುಷ್ಠ, ಜ್ವರ, ನೇತ್ರಾಭಿಷ್ಯಂದಗಳ ಜೊತೆಗೆ ಶೋಷವನ್ನೂ ಸೇರಿಸಿ, ಇವು ಉಸಿರಿನಿಂದಲೂ ಸ್ಪರ್ಶದಿಂದಲೂ ಸಹಭೋಜನ ಸಹಶಯ್ಯೆಗಳಿಂದಲೂ ಮನುಷ್ಯನಿಂದ ಮನುಷ್ಯನಿಗೆ ಸಂಕ್ರಮಿಸುವವೆಂದು ಸ್ಪಷ್ಟವಾಗಿ ಹೇಳಿದನು. ಬೀಜದಿಂದ ಬಂದಿತೋ ಉಸಿರಿನಿಂದ ಬಂದಿತೋ ಎಂಬ ವಿವಾದವು ಹೀಗೆ ಬಹಳ ಹಳೆಯದು. ಇನ್ನು ಪುರಾಣದ ಮಾತು ಬೇರೆಯೇ ಇದೆ. ದಕ್ಷನ ಇಪ್ಪತ್ತೇಳು ಮಂದಿ ಪುತ್ರಿಯರನ್ನು ವರಿಸಿ ರೋಹಿಣಿಯೊಬ್ಬಳಲ್ಲಿಯೇ ಅನುರಕ್ತನಾದ ಚಂದ್ರನಿಗೆ ಮಾವನ ಶಾಪದಿಂದ ಯಕ್ಷ್ಮವು ಬಂದಿತಂತೆ. ಅಲ್ಲಿಯೂ ಕುಲದ ಅಪರಾಧವಿಲ್ಲ.

ಯುರೋಪಿನಲ್ಲಿಯೂ ಇದೇ ಜಗಳವಿದ್ದಿತು. ದಕ್ಷಿಣದ ಇಟಲಿ ಸ್ಪೇನುಗಳಲ್ಲಿ ಕ್ಷಯವು ಅಂಟುರೋಗವೆಂದು ನಂಬಿ ರೋಗಿಯು ಮುಟ್ಟಿದ ವಸ್ತುಗಳನ್ನು ಸುಡುತ್ತಿದ್ದರು. ಉತ್ತರದ ದೇಶಗಳಲ್ಲಿ ಅದು ವಂಶದ ದೌರ್ಬಲ್ಯವೆಂದು ತಿಳಿದು ರೋಗಿಯ ಪಕ್ಕದಲ್ಲಿಯೇ ಮಲಗುತ್ತಿದ್ದರು. ಇಂಗ್ಲಿಷ್ ಕವಿ ಕೀಟ್ಸನ ಸಂಸಾರವನ್ನೇ ನೋಡಬಹುದು. ತಾಯಿಯು 1810ರಲ್ಲಿ ಕ್ಷಯದಿಂದ ಸತ್ತಳು. ತಮ್ಮನಾದ ಟಾಮನು 1818ರ ಡಿಸೆಂಬರಿನಲ್ಲಿ ಸತ್ತನು. ತಿಂಗಳುಗಟ್ಟಲೆ ಅವನ ಶುಶ್ರೂಷೆ ಮಾಡಿದವನು ಕವಿಯೇ. ಕವಿಯು 1821ರ ಫೆಬ್ರವರಿಯಲ್ಲಿ ರೋಮ್ ನಗರದಲ್ಲಿ ತನ್ನ 25ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನು ಮಲಗಿದ್ದ ಕೊಠಡಿಯ ಸಾಮಾನುಗಳನ್ನು ಅಲ್ಲಿಯ ಕಾನೂನಿನಂತೆ ಸುಟ್ಟರು. ಅಮೆರಿಕೆಗೆ ಹೋಗಿದ್ದ ಮತ್ತೊಬ್ಬ ತಮ್ಮ ಜಾರ್ಜನೂ 1841ರಲ್ಲಿ ಹೋದನು. ಇದನ್ನು ಕೇಳಿದವರು ಕುಲದ ವ್ಯಾಧಿಯೆಂದರೆ ಇದೇ ಅಲ್ಲವೆ ಎನ್ನದಿರಲಾರರು. ಆದರೆ ಅದೇ ತಾಯಿಯ ಮಗಳಾದ ಫ್ಯಾನಿಯು 86 ವರ್ಷ ಬದುಕಿ 1889ರಲ್ಲಿ ಸ್ಪೇನಿನಲ್ಲಿ ಕಣ್ಣು ಮುಚ್ಚಿದಳು. ಅವಳು ಅಣ್ಣಂದಿರಿಂದ ದೂರವಾಗಿ ಪೋಷಕನ ಮನೆಯಲ್ಲಿ ಬೆಳೆದವಳು. ಅವರನ್ನು ನೋಡುತ್ತಿದ್ದುದೇ ಅಪರೂಪ. ಅವಳನ್ನು ಕಾಪಾಡಿದುದು ಬೇರೆ ಬಗೆಯ ಬೀಜವೋ ಅಥವಾ ಬೇರೆ ಮನೆಯ ಗಾಳಿಯೋ? ಒಂದೇ ಮನೆಯಲ್ಲಿರುವವರು ರಕ್ತವನ್ನೂ ಹಂಚಿಕೊಂಡಿರುತ್ತಾರೆ, ಉಸಿರನ್ನೂ ಹಂಚಿಕೊಂಡಿರುತ್ತಾರೆ, ತಟ್ಟೆಯಲ್ಲಿನ ಅನ್ನದ ಪ್ರಮಾಣವನ್ನೂ ಹಂಚಿಕೊಂಡಿರುತ್ತಾರೆ. ಈ ಮೂರನ್ನು ಬಿಡಿಸುವುದೇ ಕಷ್ಟದ ಕೆಲಸ.

1882ನೆಯ ಇಸವಿ ಮಾರ್ಚಿ 24ರಂದು ಬರ್ಲಿನಿನಲ್ಲಿ ರಾಬರ್ಟ್ ಕಾಖ್ ಎಂಬ ವೈದ್ಯನು ಕ್ಷಯದ ಕ್ರಿಮಿಯನ್ನು ತೋರಿಸಿದ ಮೇಲೆ ವಿವಾದವು ತೀರಿತೆಂದೇ ಎಲ್ಲರೂ ತಿಳಿದರು. ಕ್ರಿಮಿಯಿಲ್ಲದೆ ಕ್ಷಯವಿಲ್ಲ, ಇದು ನಿಶ್ಚಯ. ಆದರೆ ಕ್ರಿಮಿಯಿದ್ದಲ್ಲೆಲ್ಲ ಕ್ಷಯವಿದೆಯೆ? ಇಲ್ಲ. ಪ್ರಪಂಚದ ಜನರಲ್ಲಿ ಸುಮಾರು ಕಾಲುಭಾಗದವರ ದೇಹದಲ್ಲಿ ಈ ಕ್ರಿಮಿಯು ಎಂದಾದರೊಮ್ಮೆ ನೆಲೆಸಿರುವುದಾಗಿ ಅಂದಾಜು ಮಾಡಿರುತ್ತಾರೆ. ಅವರಲ್ಲಿ ಜೀವಮಾನದೊಳಗೆ ರೋಗಿಗಳಾಗುವವರು ನೂರಕ್ಕೆ ಐದರಿಂದ ಹತ್ತು ಮಂದಿ ಮಾತ್ರ. ಉಳಿದವರು ಉಂಡು ತಿಂದು ದುಡಿದು ಮುದುಕರಾಗಿ ಬೇರೆ ಯಾವುದರಿಂದಲೋ ಸಾಯುತ್ತಾರೆ. ಹಾಗಾದರೆ ಬೀಜ ಒಂದೇ ಇರುವಾಗ ಕ್ಷೇತ್ರವು ಬೇರೆಯಾಗಿರಬೇಕಷ್ಟೆ.

1930ರಲ್ಲಿ ಜರ್ಮನಿಯ ಲ್ಯೂಬೆಕ್ ಪಟ್ಟಣದಲ್ಲಿ ನಡೆದ ದುರಂತವು ಈ ಮಾತನ್ನು ಭಯಂಕರವಾದ ರೀತಿಯಲ್ಲಿ ಕಣ್ಣೆದುರಿಗಿಟ್ಟಿತು. ಕ್ಷಯಕ್ಕೆ ರಕ್ಷೆಯಾಗಲೆಂದು ಸುಮಾರು 250 ಮಂದಿ ಹಸುಗೂಸುಗಳಿಗೆ ಬಿ.ಸಿ.ಜಿ.ಯನ್ನು ಬಾಯಿಯ ಮೂಲಕ ಕೊಟ್ಟರು. ಆ ಔಷಧಕ್ಕೆ ಪ್ರಯೋಗಶಾಲೆಯಲ್ಲಿ ಜೀವಂತವಾದ ಉಗ್ರಕ್ರಿಮಿಯು ಬೆರೆತುಹೋಗಿತ್ತು. ಎಪ್ಪತ್ತಕ್ಕಿಂತ ಹೆಚ್ಚು ಕೂಸುಗಳು ಸತ್ತವು. ಆ ಪಾಪಕ್ಕೆ ಕ್ಷಮೆಯಿಲ್ಲ. ಆದರೆ ವಿಷವನ್ನೇ ಕುಡಿದ ಉಳಿದ ಕೂಸುಗಳಲ್ಲಿ ಬಹುಪಾಲು ಕಾಯಿಲೆ ಮಲಗಿ ತಾವಾಗಿಯೇ ಎದ್ದವು. ಕೆಲವಕ್ಕಂತೂ ರೋಗದ ಸುಳಿವೇ ಕಾಣಲಿಲ್ಲ. ಎಲ್ಲ ಸೀಸೆಗಳಲ್ಲಿಯೂ ವಿಷವು ಒಂದೇ ಪ್ರಮಾಣದಲ್ಲಿರಲಿಲ್ಲವೆಂದೂ ಪ್ರಮಾಣ ಹೆಚ್ಚಿದಷ್ಟು ಸಾವು ಹೆಚ್ಚಿತೆಂದೂ ಆಮೇಲಿನ ಲೆಕ್ಕಾಚಾರದಿಂದ ತಿಳಿಯಿತು. ಆದುದರಿಂದ ಬದುಕಿದುದೆಲ್ಲ ಹುಟ್ಟುಗುಣದ ಫಲವೆಂದು ಹೇಳುವಂತಿಲ್ಲ.

ಇಲ್ಲಿ ವಾತಾಪಿಯ ಕಥೆಯು ನೆನಪಿಗೆ ಬರುತ್ತದೆ. ಇಲ್ವಲನು ತಮ್ಮನಾದ ವಾತಾಪಿಯನ್ನು ಮೇಕೆಯನ್ನಾಗಿ ಮಾಡಿ, ಕೊಂದು, ಬೇಯಿಸಿ, ಅತಿಥಿಗಳಾಗಿ ಬಂದ ಬ್ರಾಹ್ಮಣರಿಗೆ ಬಡಿಸುತ್ತಿದ್ದನು. ಊಟವಾದ ಮೇಲೆ ಹೆಸರು ಹಿಡಿದು ಕೂಗಿದರೆ ವಾತಾಪಿಯು ಅವರ ಹೊಟ್ಟೆಯನ್ನು ಸೀಳಿಕೊಂಡು ಹೊರಗೆ ಬರುತ್ತಿದ್ದನು. ಅಗಸ್ತ್ಯನು ಬಂದನು, ಉಂಡನು, ಹೊಟ್ಟೆಯನ್ನು ನೇವರಿಸಿಕೊಂಡನು. ಇಲ್ವಲನು ಎಷ್ಟು ಕೂಗಿದರೂ ತಮ್ಮನು ಬರಲಿಲ್ಲ. ಈಗಲೂ ಕೂಸಿಗೆ ಹಾಲು ಕುಡಿಸಿದ ಅಜ್ಜಿಯರು ಅದರ ಹೊಟ್ಟೆಯನ್ನು ಸವರುತ್ತ ವಾತಾಪಿಯ ಹೆಸರನ್ನು ಹೇಳುತ್ತಾರೆ. ವಾತಾಪಿಯೆಂಬ ಹೆಸರನ್ನು ಹೊತ್ತಿದ್ದ ಊರೇ ಇಂದಿನ ಬಾದಾಮಿ. ಅಲ್ಲಿಯ ಕೆರೆಗೆ ಅಗಸ್ತ್ಯತೀರ್ಥವೆಂದು ಹೆಸರಿರುವುದನ್ನು ಹೋಗಿ ಬಂದವರು ಬಲ್ಲರು.

ಎದೆಗೂಡಿನೊಳಗೆ ನಡೆಯುವುದೂ ಇಂಥದೇ ಊಟ. ಶ್ವಾಸಕೋಶವನ್ನು ಹೊಕ್ಕ ಕ್ರಿಮಿಯನ್ನು ಮ್ಯಾಕ್ರೊಫೇಜ್ ಎಂಬ ದೊಡ್ಡ ಭಕ್ಷಕಕೋಶವು ಮೊದಲು ನುಂಗುತ್ತದೆ. ಬೇರೆ ಕ್ರಿಮಿಗಳಾದರೆ ಅಲ್ಲಿಗೆ ಮುಗಿಯಿತು. ಕ್ಷಯದ ಕ್ರಿಮಿಯ ಮೈಯ ಮೇಲೆ ಮೇಣದಂತಹ ಕವಚವಿದೆ. ಅದು ನುಂಗಿದವನ ಹೊಟ್ಟೆಯಲ್ಲಿಯೇ ಕುಳಿತು ಬೆಳೆದು, ಕಾಲ ಬಂದಾಗ ಕೋಶವನ್ನು ಒಡೆದು ಹೊರಗೆ ಬರುತ್ತದೆ. ಭಕ್ಷಕಕೋಶದ ಜಠರಾಗ್ನಿಯನ್ನು ಹೆಚ್ಚಿಸುವುದಕ್ಕೆ ಹೊರಗಿನಿಂದ ಒಂದು ಸಂದೇಶವು ಬರಬೇಕು. ಕೋಶವು ತಾನು ಕ್ರಿಮಿಯನ್ನು ನುಂಗಿರುವುದಾಗಿ ಇಂಟರ್‌ಲ್ಯೂಕಿನ್-12 ಎಂಬ ದ್ರವ್ಯದ ಮೂಲಕ ಟಿ-ಕೋಶಗಳಿಗೆ ತಿಳಿಸುತ್ತದೆ. ಟಿ-ಕೋಶಗಳು ಇಂಟರ್‌ಫೆರಾನ್-ಗ್ಯಾಮ ಎಂಬ ದ್ರವ್ಯವನ್ನು ಮರಳಿ ಕಳುಹಿಸುತ್ತವೆ. ಅದು ಭಕ್ಷಕಕೋಶದ ಬಾಗಿಲಿಗೆ ತಗಲಿದೊಡನೆ ಒಳಗಿನ ಬೆಂಕಿ ಎದ್ದು ಕ್ರಿಮಿಯು ಜೀರ್ಣವಾಗುತ್ತದೆ, ಇಲ್ಲವೆ ಸುತ್ತಲೂ ಗೋಡೆ ಕಟ್ಟಿ ಸೆರೆಯಲ್ಲಿಡಲ್ಪಡುತ್ತದೆ. ಕಾಗದವನ್ನು ಬರೆಯುವವನು, ಒಯ್ಯುವವನು, ಬಾಗಿಲು ತೆರೆಯುವವನು, ಒಲೆ ಹೊತ್ತಿಸುವವನು ಎಂದು ಇಲ್ಲಿ ಬಹು ಮಂದಿ ಕೆಲಸದವರಿದ್ದಾರೆ. ಒಬ್ಬೊಬ್ಬನನ್ನು ತಯಾರಿಸುವ ಕ್ರಮವು ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಬರುವ ವಂಶವಾಹಿಗಳಲ್ಲಿ ಅಡಗಿರುತ್ತದೆ. ಹಸ್ತಪ್ರತಿಯನ್ನು ನಕಲು ಮಾಡುವಾಗ ಲಿಪಿಕಾರನ ಕೈತಪ್ಪಿನಿಂದ ಪಾಠಾಂತರಗಳು ಹುಟ್ಟುವಂತೆ ಈ ವಂಶವಾಹಿಗಳಲ್ಲಿಯೂ ಪಾಠಾಂತರಗಳಿವೆ. ಬಹುಪಾಲು ಪಾಠಾಂತರಗಳಿಂದ ಅರ್ಥವು ಕೆಡುವುದಿಲ್ಲ. ಕೆಲವು ಅರ್ಥವನ್ನು ಸ್ವಲ್ಪ ಬದಲಿಸುತ್ತವೆ. ಎಲ್ಲಿಯೋ ಒಂದು ಇಡೀ ವಾಕ್ಯವನ್ನೇ ನಿರರ್ಥಕ ಮಾಡುತ್ತದೆ.

ಹೀಗೆ ವಾಕ್ಯವೇ ಕೆಟ್ಟುಹೋದ ಕೂಸುಗಳನ್ನು 1996ರಲ್ಲಿ ಗುರುತಿಸಿದರು. ಪ್ಯಾರಿಸ್ಸಿನ ಕಾಸನೋವ ಎಂಬ ವೈದ್ಯನೂ ಅವನ ಸಂಗಡಿಗರೂ, ಬಿ.ಸಿ.ಜಿ. ಚುಚ್ಚಿಸಿಕೊಂಡು ಅದರಿಂದಲೇ ಸತ್ತ ಟ್ಯುನೀಸಿಯಾ ದೇಶದ ಒಂದು ಶಿಶುವಿನಲ್ಲಿ ಇಂಟರ್‌ಫೆರಾನ್-ಗ್ಯಾಮವನ್ನು ಬರಮಾಡಿಕೊಳ್ಳುವ ಬಾಗಿಲೇ ಇರಲಿಲ್ಲವೆಂದು ಕಂಡರು. ಅದೇ ವರ್ಷದಲ್ಲಿ ಲಂಡನ್ನಿನ ವೈದ್ಯರು ಮಾಲ್ಟಾ ದ್ವೀಪದ ಪರಸ್ಪರ ಸಂಬಂಧಿಗಳಾದ ಕೆಲವು ಮಕ್ಕಳಲ್ಲಿ ಇದೇ ದೋಷವನ್ನು ಕಂಡರು. ಆ ಮಕ್ಕಳಿಗೆ ಮಣ್ಣು ನೀರುಗಳಲ್ಲಿರುವ ನಿರುಪದ್ರವಿಯಾದ ಕ್ರಿಮಿಯೂ ಯಮನಾಗಿತ್ತು. ಎರಡು ವರ್ಷಗಳೊಳಗೆ ಇಂಟರ್‌ಲ್ಯೂಕಿನ್-12ರ ದಾರಿಯಲ್ಲಿಯೂ ಇಂತಹ ಲೋಪಗಳು ಸಿಕ್ಕಿದವು. ಈ ದೋಷಗಳಲ್ಲಿ ಹೆಚ್ಚಿನವು ಎರಡು ಪ್ರತಿಗಳೂ ಕೆಟ್ಟಾಗ ಮಾತ್ರ ರೋಗವನ್ನು ತರುತ್ತವೆ. ಒಂದು ಪ್ರತಿ ಕೆಟ್ಟವನು ಯಾವ ತೊಂದರೆಯೂ ಇಲ್ಲದೆ ಬಾಳುತ್ತಾನೆ. ತನ್ನಲ್ಲಿ ಅದು ಇದೆಯೆಂಬುದೂ ಅವನಿಗೆ ತಿಳಿಯದು. ಎರಡು ಕೆಟ್ಟ ಪ್ರತಿಗಳು ಒಂದೇ ಕೂಸಿನಲ್ಲಿ ಕೂಡುವುದು ಎಲ್ಲಿ? ತಂದೆತಾಯಿಗಳಿಬ್ಬರೂ ಒಂದೇ ಅಜ್ಜನಿಂದ ಅದನ್ನು ಪಡೆದಿದ್ದಲ್ಲಿ. ಸೋದರಮಾವ ಸೊಸೆಯರಿಗೆ ಹುಟ್ಟಿದ ಕೂಸಿನಲ್ಲಿ ಎಂಟರಲ್ಲಿ ಒಂದು ಪಾಲಿನ ವಂಶವಾಹಿಗಳು ಹೀಗೆ ಒಂದೇ ಮೂಲದ ಜೋಡಿಗಳಾಗಿರುತ್ತವೆಂದು ಲೆಕ್ಕ. ಅತ್ತೆಯ ಮಕ್ಕಳು ಮಾವನ ಮಕ್ಕಳು ಮದುವೆಯಾದಲ್ಲಿ ಹದಿನಾರರಲ್ಲಿ ಒಂದು. ಕ್ಷಯದ ಕುಲವನ್ನು ಬಿಟ್ಟು ಅಕ್ಕನ ಮಗಳನ್ನು ತಂದುಕೊಂಡ ಮನೆಯು ಬೀಜದ ದೃಷ್ಟಿಯಿಂದ ಯಾವುದನ್ನು ಬಿಟ್ಟಿತು, ಯಾವುದನ್ನು ತಂದುಕೊಂಡಿತು ಎಂಬುದನ್ನು ವಾಚಕರೇ ತೂಗಿ ನೋಡಬಹುದು. ಆ ದಂಪತಿಗಳ ಮಕ್ಕಳು ಗಟ್ಟಿಮುಟ್ಟಾಗಿಯೇ ಬೆಳೆದರೆಂಬುದನ್ನೂ ಹೇಳಬೇಕು. ಇಂತಹ ಲೋಪಗಳು ಅತಿವಿರಳ; ಹೆಚ್ಚಿನ ಮನೆಗಳಲ್ಲಿ ಏನೂ ಆಗುವುದಿಲ್ಲ.

ಕೂಸುಗಳ ವಿಷಯವಾಯಿತು. ಪ್ರಾಯಕ್ಕೆ ಬಂದವರ ಸಾಧಾರಣ ಕ್ಷಯದಲ್ಲಿ ಬೀಜದ ಪಾಲೆಷ್ಟು? ಇದನ್ನು ಅಳೆಯಲು ಅವಳಿ ಮಕ್ಕಳನ್ನು ಹಿಡಿದರು. ಒಂದೇ ಅಂಡದಿಂದಾದ ಅವಳಿಗಳಿಗೆ ವಂಶವಾಹಿಗಳೆಲ್ಲ ಒಂದೇ. ಎರಡು ಅಂಡಗಳಿಂದಾದವರಿಗೆ ಅರ್ಧ ಮಾತ್ರ. 1943ರಲ್ಲಿ ನ್ಯೂಯಾರ್ಕಿನ ಕಾಲ್‌ಮನ್ ಮತ್ತು ರೈಸ್ನರ್ ಎಂಬವರು, ಅವಳಿಗಳಲ್ಲಿ ಒಬ್ಬನಿಗೆ ಕ್ಷಯವಿದ್ದರೆ ಮತ್ತೊಬ್ಬನಿಗೂ ಬರುವುದು ಏಕಾಂಡಜರಲ್ಲಿ ನೂರಕ್ಕೆ 87, ದ್ವ್ಯಂಡಜರಲ್ಲಿ 26 ಎಂದು ಹೇಳಿದರು. ಕೇಳಿದವರಿಗೆ ಕುಲವಾದವೇ ಗೆದ್ದಂತೆ ತೋರಿತು. ಆದರೆ ಏಕಾಂಡಜರು ಒಂದೇ ಹಾಸಿಗೆ, ಒಂದೇ ಬಟ್ಟೆ, ಒಂದೇ ಆಟ ಎಂದು ಹೆಚ್ಚು ಅಂಟಿಕೊಂಡಿರುತ್ತಾರಲ್ಲವೆ? ಬ್ರಿಟನ್ನಿನ ಅವಳಿಗಳ ಲೆಕ್ಕವನ್ನು 1978ರಲ್ಲಿ ಕಾಮ್‌ಸ್ಟಾಕ್ ಎಂಬಾತನು ಇಂತಹ ಸಂಗತಿಗಳನ್ನೆಲ್ಲ ಕಳೆದು ಮತ್ತೆ ಮಾಡಿದಾಗ ಸಂಖ್ಯೆಗಳು ಸುಮಾರು 31 ಮತ್ತು 15ಕ್ಕೆ ಇಳಿದವು. ಎರಡರಷ್ಟಿನ ವ್ಯತ್ಯಾಸವು ಉಳಿಯಿತು. ಆದರೂ ಎಲ್ಲ ರೀತಿಯಿಂದ ಒಂದೇ ಆದ ನೂರು ಅವಳಿಗಳಲ್ಲಿ ಸುಮಾರು ಎಪ್ಪತ್ತು ಮಂದಿಗೆ ಜೊತೆಯವನ ಕ್ಷಯವು ಬರಲಿಲ್ಲವೆಂಬುದೂ ಅದೇ ಲೆಕ್ಕದ ಮಾತು. ಇದೇ ವಿಷಯದಲ್ಲಿ ಜರ್ಮನಿಯಲ್ಲಿ ಮೊದಲು ದುಡಿದ ಫೆರ್ಶೂಅರ್ ಎಂಬಾತನು ನಾಟ್ಸಿಗಳ ಜನಾಂಗಶುದ್ಧಿಯ ಪಂಡಿತನಾಗಿ ಮೆರೆದವನು. ಆಶ್‌ವಿಟ್ಸಿನ ಮೆಂಗೆಲೆಯ ಗುರುವು ಅವನೇ. ಕುಲವನ್ನು ತೂಗುವ ತಕ್ಕಡಿಯು ಯಾರ ಕೈಯಲ್ಲಿದೆಯೆಂಬುದನ್ನು ಮರೆಯಲಾಗದು.

ಆ ಎರಡರಷ್ಟು ವ್ಯತ್ಯಾಸವು ಯಾವ ವಂಶವಾಹಿಯಲ್ಲಿದೆಯೆಂದು ಹುಡುಕಹೊರಟವರ ಕಥೆ ದೀರ್ಘವಾದುದು. ಕೆನಡಾದ ಮಾಂಟ್ರಿಯಲ್ಲಿನಲ್ಲಿ ಇಲಿಗಳಲ್ಲಿ ಒಂದು ವಂಶವಾಹಿಯನ್ನು 1993ರಲ್ಲಿ ಬೇರ್ಪಡಿಸಿದರು. ನುಂಗಿದ ಕ್ರಿಮಿಗೆ ಕಬ್ಬಿಣದಂತಹ ಲೋಹಗಳು ಸಿಕ್ಕದಂತೆ ಹೊರಗೆ ಸಾಗಿಸುವ ಕೆಲಸ ಅದರದು. ಅದೇ ವಂಶವಾಹಿಯ ಪಾಠಾಂತರಗಳು ಪಶ್ಚಿಮ ಆಫ್ರಿಕದ ಗ್ಯಾಂಬಿಯಾದಲ್ಲಿ ಕ್ಷಯಿಗಳಲ್ಲಿ ಹೆಚ್ಚಾಗಿ ಕಾಣುವುದೆಂದು 1998ರಲ್ಲಿ ತಿಳಿಯಿತು. ಮಧುರೆಯ ವಿಶ್ವವಿದ್ಯಾನಿಲಯದ ಪಿಚ್ಚಪ್ಪನ್ ಮೊದಲಾದವರು 1991ರಲ್ಲಿ ದಕ್ಷಿಣ ಭಾರತದ ರೋಗಿಗಳಲ್ಲಿ ಎಚ್.ಎಲ್.ಎ.-ಡಿ.ಆರ್.2 ಎಂಬ ಬಗೆಯು ಹೆಚ್ಚೆಂದು ತೋರಿಸಿದರು. ಕ್ರಿಮಿಯ ಚೂರನ್ನು ಎತ್ತಿ ಹಿಡಿದು ಟಿ-ಕೋಶಗಳಿಗೆ ಗುರುತು ಹಿಡಿಸುವ ತಟ್ಟೆಯೇ ಎಚ್.ಎಲ್.ಎ. 2015ರಲ್ಲಿ ರಷ್ಯದಲ್ಲಿ ಸಾವಿರಾರು ರೋಗಿಗಳನ್ನು ಪರೀಕ್ಷಿಸಿ ಮತ್ತೊಂದನ್ನು ಹೇಳಿದರು. ಮರುವರ್ಷ ಐಸ್‌ಲೆಂಡಿನವರು ಎಚ್.ಎಲ್.ಎ. ಕಡೆಗೇ ಬೆರಳು ತೋರಿಸಿದರು. ಒಂದು ನಾಡಿನಲ್ಲಿ ಕಂಡದ್ದು ಮತ್ತೊಂದು ನಾಡಿನಲ್ಲಿ ಅನೇಕ ವೇಳೆ ಕಾಣುವುದಿಲ್ಲ. ಕಂಡಲ್ಲಿಯೂ ಅಪಾಯವನ್ನು ಹೆಚ್ಚಿಸುವುದು ಸ್ವಲ್ಪವೇ. ಜನ ಬೇರೆ, ಆಹಾರ ಬೇರೆ, ಕ್ರಿಮಿಯ ಮನೆತನವೂ ಬೇರೆ. ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಓಡಾಡುವ ಕ್ರಿಮಿಯು ಯುರೋಪಿನದಲ್ಲ.

ಇವೆಲ್ಲಕ್ಕಿಂತ ಗಟ್ಟಿಯಾಗಿ ನಿಂತಿರುವುದು ಟಿ.ವೈ.ಕೆ.-2 ಎಂಬ ವಂಶವಾಹಿಯ ಒಂದು ಪಾಠಾಂತರ. ಇದರ ಎರಡು ಪ್ರತಿಗಳೂ ಇರುವವರು ಯುರೋಪಿನ ಮೂಲದವರಲ್ಲಿ ಸುಮಾರು 600ಕ್ಕೆ ಒಬ್ಬರು. ಅವರಿಗೆ ಕ್ಷಯದ ಅಪಾಯವು ಹೆಚ್ಚೆಂದು 2018ರಲ್ಲಿ ಸ್ಥಾಪಿತವಾಯಿತು. ಆ ಜನರ ಕ್ಷಯರೋಗಿಗಳಲ್ಲಿ ನೂರಕ್ಕೆ ಸುಮಾರು ಒಬ್ಬರು ಇಂಥವರಂತೆ. 2021ರಲ್ಲಿ ಸಾವಿರಕ್ಕೂ ಹೆಚ್ಚು ಪುರಾತನ ಅಸ್ಥಿಗಳನ್ನು ಪರಿಶೀಲಿಸಿದವರು, ಈ ಪಾಠಾಂತರವು ಸುಮಾರು 30,000 ವರ್ಷಗಳ ಹಿಂದೆ ಹುಟ್ಟಿ, ಕಳೆದ ಎರಡು ಸಾವಿರ ವರ್ಷಗಳಲ್ಲಿ ಯುರೋಪಿನಲ್ಲಿ ಥಟ್ಟನೆ ಕಡಿಮೆಯಾಯಿತೆಂದು ಕಂಡರು. ಕ್ಷಯವೇ ಆ ಜನರನ್ನು ಆರಿಸಿ ಆರಿಸಿ ಒಯ್ದಿತೆಂದು ಅವರ ಅಭಿಪ್ರಾಯ. ಆದರೂ ಅದು ಪೂರ್ತಿಯಾಗಿ ಅಳಿಯಲಿಲ್ಲ. ಚಮತ್ಕಾರವೇನೆಂದರೆ, ಅದೇ ಪಾಠಾಂತರವು ದೇಹವು ತನ್ನ ಮೇಲೆಯೇ ಕತ್ತಿಯೆತ್ತುವ ಸೋರಿಯಾಸಿಸ್, ಸಂಧಿವಾತ ಮೊದಲಾದ ವ್ಯಾಧಿಗಳಿಂದ ಮನುಷ್ಯನನ್ನು ರಕ್ಷಿಸುತ್ತದೆ. ಒಂದು ರೋಗಕ್ಕೆ ದೋಷವಾದುದು ಮತ್ತೊಂದು ರೋಗಕ್ಕೆ ಗುಣವಾಯಿತು. ಇಂತಹ ವಂಶವನ್ನು ಸ್ಮೃತಿಕಾರನು ಯಾವ ಪಟ್ಟಿಯಲ್ಲಿ ಸೇರಿಸುತ್ತಿದ್ದನೋ!

ಬೀಜವೂ ಅನ್ನವೂ ಹೇಗೆ ಹೆಣೆದುಕೊಂಡಿರುತ್ತವೆಂಬುದಕ್ಕೆ ಒಂದು ಉದಾಹರಣೆ ಸಾಕು. ಲಂಡನ್ನಿನ ಪಶ್ಚಿಮಭಾಗದಲ್ಲಿ ನೆಲೆಸಿದ ಗುಜರಾತಿಗಳಲ್ಲಿ ಕ್ಷಯವು ಹೆಚ್ಚಾಗಿದ್ದುದನ್ನು ಪರಿಶೀಲಿಸಿ 2000ದಲ್ಲಿ ಪ್ರಕಟಿಸಿದ ಲೇಖನದಲ್ಲಿ, ಬಿಸಿಲು ಕಾಣದ ಆ ಊರಿನಲ್ಲಿ ಅವರಿಗೆ ಡಿ ಜೀವಸತ್ತ್ವವು ತೀರ ಕೊರತೆಯಾಗಿತ್ತೆಂದೂ, ಆ ಜೀವಸತ್ತ್ವವನ್ನು ಸ್ವೀಕರಿಸುವ ವಂಶವಾಹಿಯ ಕೆಲವು ಬಗೆಗಳು ಆ ಕೊರತೆಯೊಡನೆ ಕೂಡಿದಾಗ ರೋಗದ ಸಂಬಂಧವು ಬಲವಾಯಿತೆಂದೂ ಹೇಳಿದೆ. ಬೀಜದ ಬಗೆಯು ಅಜ್ಜನದು. ಬಿಸಿಲು ಆ ಊರಿನದು.

ಈ ನಾಡಿನಲ್ಲಿಯೇ ನಡೆದ ಒಂದು ಪರಿಶೀಲನೆಯನ್ನು ಹೇಳದೆ ಬಿಟ್ಟರೆ ತಪ್ಪಾದೀತು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳನ್ನು ಮತ್ತೆ ಮತ್ತೆ ಸುತ್ತಿ ಜನರನ್ನು ಪರೀಕ್ಷಿಸಿದರು. ಒಳ್ಳೆಯ ಚಿಕಿತ್ಸೆಯು ಇನ್ನೂ ಹಳ್ಳಿಗಳನ್ನು ಸರಿಯಾಗಿ ಮುಟ್ಟದಿದ್ದ ಕಾಲವದು. ಕಫದಲ್ಲಿ ಕ್ರಿಮಿಯಿದ್ದ ರೋಗಿಗಳಲ್ಲಿ ಐದು ವರ್ಷಗಳೊಳಗೆ ನೂರಕ್ಕೆ 49 ಮಂದಿ ಸತ್ತರು. 18 ಮಂದಿ ಕ್ರಿಮಿಯೊಡನೆ ಹಾಗೆಯೇ ಉಳಿದರು. 33 ಮಂದಿಯ ಕಫದಿಂದ ಕ್ರಿಮಿಯು ತಾನಾಗಿಯೇ ಮಾಯವಾಯಿತು. ರೋಗವು ಮೈಯಲ್ಲಿ ಪೂರ್ತಿಯಾಗಿ ಬೇರೂರಿದ ಮೇಲೆ ಮೂವರಲ್ಲಿ ಒಬ್ಬನು ಅದನ್ನು ಅರಗಿಸಿಕೊಂಡನು. ಆ ಒಬ್ಬನಲ್ಲಿ ಇದ್ದುದೇನು, ಸತ್ತ ಇಬ್ಬರು ಮೂವರಲ್ಲಿ ಇಲ್ಲದುದೇನು? ರಾಗಿಯ ಹಗೇವಿನಲ್ಲಿತ್ತೋ, ರಕ್ತದಲ್ಲಿತ್ತೋ?

ರಾಗಿಯ ಪಕ್ಷಕ್ಕೆ ಇತ್ತೀಚೆಗೆ ಬಲವಾದ ಸಾಕ್ಷ್ಯವು ಬಂದಿದೆ. ಮಂಗಳೂರಿನ ವೈದ್ಯಕೀಯ ಕಾಲೇಜೊಂದರಲ್ಲಿ ಅಧ್ಯಾಪಕರಾದ ಅನುರಾಗ ಭಾರ್ಗವ ಮತ್ತು ಮಾಧವಿ ಭಾರ್ಗವ ದಂಪತಿಗಳು ತಮ್ಮ ಸಂಗಡಿಗರೊಡನೆ ಝಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ 2,800 ಕ್ಷಯರೋಗಿಗಳ ಮನೆಗಳನ್ನು ಹಿಡಿದು, ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಮನೆಯವರನ್ನು ಗಮನಿಸಿದರು. ರೋಗಿಗೆ ಎಲ್ಲ ಮನೆಗಳಲ್ಲಿಯೂ ಆಹಾರವನ್ನು ಕೊಟ್ಟರು. ಅರ್ಧದಷ್ಟು ಕಡೆಗಳಲ್ಲಿ ಮಾತ್ರ ಮನೆಯವರಿಗೂ ತಿಂಗಳಿಗೆ ತಲೆಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಜೀವಸತ್ತ್ವದ ಮಾತ್ರೆಗಳನ್ನು ಕೊಟ್ಟರು. 2023ರಲ್ಲಿ ಫಲಿತಾಂಶವು ಪ್ರಕಟವಾಯಿತು: ಅಕ್ಕಿಬೇಳೆ ಹೋದ ಮನೆಗಳಲ್ಲಿ ಹೊಸದಾಗಿ ಕ್ಷಯ ಹತ್ತುವುದು ನೂರಕ್ಕೆ 39ರಷ್ಟು ತಗ್ಗಿತು, ಇತರರಿಗೆ ಹರಡುವ ಬಗೆಯ ಕ್ಷಯವು 48ರಷ್ಟು ತಗ್ಗಿತು. ಅದೇ ರಕ್ತಸಂಬಂಧ, ಅದೇ ಗುಡಿಸಲು, ಅದೇ ಕೆಮ್ಮು. ತಟ್ಟೆಯಲ್ಲಿ ಮಾತ್ರ ವ್ಯತ್ಯಾಸ. ಚರಕನು ವಿಷಮಾಶನವನ್ನೂ ಧಾತುಕ್ಷಯವನ್ನೂ ಕಾರಣವೆಂದು ಬರೆದುದು ಬರಿಯ ಊಹೆಯಾಗಿರಲಿಲ್ಲ. ಟಿ-ಕೋಶವು ಸಂದೇಶವನ್ನು ಬರೆಯಬೇಕಾದರೆ ಅದಕ್ಕೂ ಅನ್ನ ಬೇಕು.

2023ರಲ್ಲಿ ಪ್ರಪಂಚದಲ್ಲಿ ಒಂದು ಕೋಟಿ ಎಂಟು ಲಕ್ಷ ಮಂದಿಗೆ ಹೊಸದಾಗಿ ಕ್ಷಯ ಬಂದು ಹನ್ನೆರಡೂವರೆ ಲಕ್ಷ ಮಂದಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ರೋಗಿಗಳಲ್ಲಿ ನಾಲ್ವರಲ್ಲಿ ಒಬ್ಬರು ಭಾರತದವರು. ಇಷ್ಟು ಮನೆಗಳನ್ನೆಲ್ಲ ಕುಲಹೀನವೆಂದು ಬಿಟ್ಟರೆ ಕನ್ಯೆಯನ್ನು ತರುವುದಕ್ಕೆ ಮನೆಯೇ ಉಳಿಯದು. 1949ರಲ್ಲಿ ಸತ್ತ ಆ ಚಿಕ್ಕಪ್ಪನಿಗೆ ವಯಸ್ಸು 26. ತಾಯಿಯು ಮಲಗಿದ್ದ ಒಳಕೋಣೆಯಲ್ಲಿಯೇ ಅವನು ಎರಡು ವರ್ಷ ಅವಳ ಸೇವೆ ಮಾಡಿದ್ದನು. ಆ ಕೋಣೆಗೆ ಒಂದೇ ಒಂದು ಗವಾಕ್ಷಿ. ಸ್ಟ್ರೆಪ್ಟೊಮೈಸಿನ್ ಎಂಬುದು ಪ್ರಪಂಚದಲ್ಲಿ ಹುಟ್ಟಿ ಐದಾರು ವರ್ಷಗಳಾಗಿದ್ದರೂ ಆ ಊರಿಗೆ ಅದರ ಹೆಸರೂ ಬಂದಿರಲಿಲ್ಲ. ಅವನು ತೀರಿಹೋದಾಗ ಅಣ್ಣನ ಮಗಳು ಇನ್ನೂ ಹುಟ್ಟಿರಲಿಲ್ಲ. ಮಾತುಕಥೆ ಮುರಿದ ಎರಡು ವರ್ಷಗಳ ಮೇಲೆ ಅವಳಿಗೆ ಬೇರೆ ತಾಲ್ಲೂಕಿನ ಒಬ್ಬ ಉಪಾಧ್ಯಾಯನೊಡನೆ ವಿವಾಹವಾಯಿತು. ಆ ಹುಡುಗನ ತಾಯಿಯು ವಿಷಯವನ್ನೆಲ್ಲ ಕೇಳಿ, "ಹೋದವರು ಹೋದರು, ಹುಡುಗಿ ಕೆಮ್ಮುತ್ತಾಳೆಯೆ?" ಎಂದಷ್ಟೇ ಕೇಳಿದಳಂತೆ. ಶಾಸ್ತ್ರವನ್ನು ಓದದ ಆ ಹೆಂಗಸಿನ ಪ್ರಶ್ನೆಯು ಶಾಸ್ತ್ರಿಗಳದಕ್ಕಿಂತ ಹೆಚ್ಚು ಶಾಸ್ತ್ರೀಯವಾಗಿತ್ತು.

1974ರ ಮಳೆಗಾಲದಲ್ಲಿ ಶಾಸ್ತ್ರಿಗಳು ಹಿತ್ತಿಲ ಮೆಟ್ಟಲಿನಲ್ಲಿ ಜಾರಿಬಿದ್ದರು. ಪಕ್ಕೆಯೆಲುಬು ಮುರಿದಿರಬಹುದೆಂದು ಜಿಲ್ಲೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಯಿಸಿದರು. ಎಲುಬು ನೆಟ್ಟಗಿತ್ತು. ವೈದ್ಯನು, ಇನ್ನೂ ಹುಡುಗನೇ, ಆ ಕರಿಯ ಹಾಳೆಯನ್ನು ಬೆಳಕಿಗೆ ಹಿಡಿದು ಬಲಗಡೆಯ ಎದೆಯಲ್ಲಿದ್ದ ಕಡಲೆಕಾಳಿನಷ್ಟು ಗಾತ್ರದ ಒಂದು ಬಿಳಿಯ ಚುಕ್ಕೆಯನ್ನು ತೋರಿಸಿದನು.

"ಇದು ಹಳೆಯದು, ತಾತ. ಸುಣ್ಣಗಟ್ಟಿದೆ. ಚಿಕ್ಕಂದಿನಲ್ಲಿ ಎಂದೋ ಕ್ಷಯದ ಕ್ರಿಮಿ ಒಳಗೆ ಹೋಗಿತ್ತು. ನಿಮ್ಮ ಮೈ ಅದನ್ನು ಗೆದ್ದು ಗೋಡೆ ಕಟ್ಟಿಬಿಟ್ಟಿದೆ. ಹೆದರಬೇಕಾದ್ದಿಲ್ಲ."

"ನನಗೆ ಕ್ಷಯ ಬಂದಿರಲಿಲ್ಲವಲ್ಲಪ್ಪ."

"ಕಾಯಿಲೆ ಬರಲಿಲ್ಲ. ಕ್ರಿಮಿ ಬಂದಿತ್ತು. ಮನೆಯಲ್ಲಿ ಯಾರಿಗಾದರೂ ಇದ್ದಿರಬೇಕು."

ಶಾಸ್ತ್ರಿಗಳು ಹಾಳೆಯನ್ನು ಮನೆಗೆ ತಂದು ಜಾತಕಗಳನ್ನಿಟ್ಟಿದ್ದ ಪೆಟ್ಟಿಗೆಯಲ್ಲಿಯೇ ಇಟ್ಟರು. ಆ ರಾತ್ರಿ ಊಟಕ್ಕೆ ಕುಳಿತವರು ಬಹಳ ಹೊತ್ತು ತುತ್ತನ್ನೆತ್ತಲಿಲ್ಲ. ಸೊಸೆಯು ಏನೆಂದು ಕೇಳಿದುದಕ್ಕೆ, ಹುಡುಗನಾಗಿದ್ದಾಗ ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದ ಸೋದರತ್ತೆಯ ನೆನಪಾಯಿತೆಂದರು. ಹನ್ನೆರಡನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತೌರಿಗೆ ಬಂದವಳು, ಒಪ್ಪೊತ್ತಿನ ಊಟದವಳು, ರಾತ್ರಿಯೆಲ್ಲ ಕೆಮ್ಮುತ್ತ ತಮ್ಮನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಥೆ ಹೇಳುತ್ತಿದ್ದವಳು. ಶಾಸ್ತ್ರಿಗಳಿಗೆ ಆರು ವರ್ಷವಾಗಿದ್ದಾಗ ತೀರಿಹೋದಳು. ಆ ಮನೆಯಲ್ಲಿ ಅವಳ ಕಾಯಿಲೆಗೆ ಉಬ್ಬಸವೆಂದು ಹೆಸರಿತ್ತು.